ಅಜ್ಜನ ಪತ್ರ ಇಟ್ಕೊಂಡು ಕಾದಂಬರಿ: ಲೂಯಿಸ್ ಎರ್ಡ್ರಿಕ್ ಹೆಂಗ ಬರದ್ರು? ನಾ ಯಾವ ಪುಸ್ತಕದಿಂದ ಶುರು ಮಾಡ್ಲಿ?

ನರಗುಂದದ ಮೊಮ್ಮಗಳು, ಹುಬ್ಬಳ್ಳಿ

ಎಲ್ಲಾರಿಗೂ ನಮಸ್ಕಾರ. ನಾನು ಹುಬ್ಬಳ್ಳ್ಯಾಗ ಹೈಸ್ಕೂಲ್ ಶಿಕ್ಷಕಿ, ಸಮಾಜ ವಿಜ್ಞಾನ ಕಲಸ್ತೀನಿ. ನಮ್ಮ ಅವ್ವನ ತವರುಮನಿ ನರಗುಂದ. ಅಜ್ಜ ಮುಲ್ಕಿ ಪಾಸಾದಾಂವ. ಓಣ್ಯಾಗ ಯಾರಿಗೆ ಸರಕಾರಿ ನೋಟಿಸ್ ಬಂದ್ರೂ ಓದಿ ಹೇಳಾಂವ ಅವನ, ಅರ್ಜಿ ಬರದು ಕೊಡಾಂವನೂ ಅವನ. ಮಲಪ್ರಭಾ ಕಾಲುವಿ ಬಂತಂತ ರೈತರ ಮ್ಯಾಲೆ ಅಭಿವೃದ್ಧಿ ಕರ ಹೇರಿದ್ದು, 1980ರ ಜುಲೈ 21ರ ಗೋಲಿಬಾರ್ ತನಕ ಹೋಗಿದ್ದು ಈ ಭಾಗದವರಿಗೆ ಹೊಸಾದಾಗಿ ಹೇಳಬೇಕಾಗಿಲ್ಲ. ಆ ವರ್ಷ ಅಜ್ಜ ನಮ್ಮ ಅವ್ವಗ ಬರದ ಇನ್‌ಲ್ಯಾಂಡ್ ಪತ್ರ ಟ್ರಂಕಿನ್ಯಾಗ ಅದಾವ. ನೀರು ಮುಟ್ಟದ ಹೊಲಕ್ಕೂ ಕರ ಹಾಕ್ಯಾರ ಅಂತ ಒಂದು ಪತ್ರದಾಗ ಸರ್ವೆ ನಂಬರ್ ಸಮೇತ ಬರದಾನ. ಗೋಲಿಬಾರ್ ಆದ ವಾರದ ಪತ್ರದಾಗ ಸತ್ತವರ ಹೆಸರು ಬರದು, ಅದರ ಕೆಳಗ ಎಮ್ಮಿ ಈದು ಕರಾ ಹಾಕಿದ ಸುದ್ದಿನೂ ಬರದಾನ.

ಇವನ್ನ ಇಟ್ಕೊಂಡು ಒಂದು ಕಾದಂಬರಿ ಬರೀಬೇಕು ಅನ್ನೋದು ನನ್ನ ಭಾಳ ದಿನದ ಆಸೆ. ಅಮೆರಿಕದ ಲೇಖಕಿ ಲೂಯಿಸ್ ಎರ್ಡ್ರಿಕ್ ತಮ್ಮ ಅಜ್ಜನ ಪತ್ರಗಳಿಂದ ಕಾದಂಬರಿ ಬರದಾರ ಅಂತ ಗೆಳತಿ ಹೇಳಿದ್ಲು. ಅವರ ಪುಸ್ತಕ ಭಾಳ ಅದಾವಂತ. ಯಾವುದರಿಂದ ಶುರು ಮಾಡ್ಲಿ? ಗೋಲಿಬಾರಿನಾಗ ತೀರಿದವರ ಮನಿ ಮಂದಿ ಇನ್ನೂ ಅದೇ ಊರಾಗ ಅದಾರ, ಅವರ ದುಃಖ ನಾ ಹೆಂಗ ಬರೀಲಿ? ಶಾಲಿ, ಮನಿ, ಮಕ್ಕಳು ಅಂತ ಆದ ಮ್ಯಾಲೆ ಉಳಿಯೋ ಹೊತ್ತು ಭಾಳ ಕಡಿಮಿ. ಆಕಿ ಹೆಂಗ ನಿಭಾಯಿಸಿದ್ಲು? ಓದಿದವರು ಯಾರರ ಇದ್ರ ದಯಮಾಡಿ ತಿಳಸ್ರಿ.

ಸಾಧನಕೇರಿ ಓದುಗ, ಧಾರವಾಡ

ಅಕ್ಕೋರ, ನಾನು ಕಾಲೇಜ್ ಗ್ರಂಥಾಲಯದಾಗ ಇದ್ದು ನಿವೃತ್ತ ಆದಾಂವ. ಎರ್ಡ್ರಿಕ್ ಬರದದ್ದನ್ನ ಕೈಗೆ ಸಿಕ್ಕಂಗ ಓದ್ಕೊಂತ ಬಂದೀನಿ. ‘ದ ನೈಟ್ ವಾಚ್‌ಮನ್’ದಿಂದನ ಶುರು ಮಾಡ್ರಿ. 2020ರಾಗ ಬಂತು, 2021ರಾಗ ಪುಲಿಟ್ಜರ್ ಸಿಕ್ತು. ಆದ್ರ ಮೊದಲನೇ ಕಾದಂಬರಿ ಬಂದದ್ದು 1984ರಾಗ ಅನ್ನೋದು ನೆನಪಿರಲಿ. ಅಜ್ಜನ ಕಥಿಗೆ ಕೈ ಹಾಕೋದ್ರಾಗ ಆಕಿ ಅರ್ಧ ಆಯುಷ್ಯ ಬರಕೊಂತನ ಕಳದಿದ್ಲು.

ಆಕಿ ಅಜ್ಜ ಪ್ಯಾಟ್ರಿಕ್ ಗೋರ್ನೋ. ಕೆನಡಾ ಗಡಿಗೆ ಹತ್ತಿದ ನಾರ್ಥ್ ಡಕೋಟಾದ ಟರ್ಟಲ್ ಮೌಂಟನ್ ಅನ್ನೋ ಕಡೆ, ಓಜಿಬ್ವೆ ಅನ್ನೋ ಅಲ್ಲಿಯ ಮೂಲನಿವಾಸಿ ಬುಡಕಟ್ಟಿನ ಸಮಿತಿಗೆ ಅಧ್ಯಕ್ಷ. ಹಗಲೆಲ್ಲಾ ಮಂದಿ ಕೆಲಸ, ರಾತ್ರಿ ಒಂದು ಕಾರ್ಖಾನ್ಯಾಗ ಕಾವಲು. ಗಡಿಯಾರಕ್ಕ, ಸೂಕ್ಷ್ಮ ಯಂತ್ರಕ್ಕ ಬೇಕಾಗೋ ಹರಳಿನ ಬೇರಿಂಗ್ ಮಾಡೋ ಕಾರ್ಖಾನಿ ಅದು. ಅಲ್ಲಿ ಕೆಲಸಕ್ಕಿದ್ದವರು ಬಹಳಷ್ಟು ಆ ಬುಡಕಟ್ಟಿನ ಹೆಣ್ಮಕ್ಕಳು. 1953ರ ಆಗಸ್ಟ್ 1ಕ್ಕ ಅಮೆರಿಕದ ಸಂಸತ್ತು 108ನೇ ನಂಬರಿನ ಒಂದು ಠರಾವು ಪಾಸ್ ಮಾಡ್ತು. ಮ್ಯಾಲೆ ಮ್ಯಾಲೆ ಓದಿದ್ರ ಉಪಕಾರ ಮಾಡಾಕ ಹೊಂಟಾರ ಅನಿಸಬೇಕು: ನಿಮ್ಮನ್ನ ಸರಕಾರದ ಹಿಡಿತದಿಂದ ಬಿಡಸ್ತೀವಿ, ಎಲ್ಲಾ ನಾಗರಿಕರಂಗ ಮಾಡ್ತೀವಿ. ಸಾಲು ಸಾಲು ಕೂಡಿಸಿ ಓದಿದ್ರ ಒಳಗಿನದು ತಿಳೀತೈತಿ. ಬುಡಕಟ್ಟಿನವರ ಜೋಡಿ ಸರಕಾರ ಮಾಡ್ಕೊಂಡಿದ್ದ ಒಪ್ಪಂದ ಮುಗೀತು, ಭೂಮಿಗಿದ್ದ ರಕ್ಷಣಾ ಹೋತು, ದವಾಖಾನಿ, ಶಾಲಿಗೆ ಬರೋ ನೆರವು ನಿಂತು ಹೋತು. ಯಾರ್‍ಯಾರ ಮ್ಯಾಲೆ ಮೊದಲು ಇದನ್ನ ಹಚ್ಚಬೇಕು ಅನ್ನೋ ಪಟ್ಟಿಯೊಳಗ ಟರ್ಟಲ್ ಮೌಂಟನ್ ಹೆಸರೂ ಇತ್ತು. ಇದರ ಹಿಂದ ನಿಂತಾಂವ ಯೂಟಾ ರಾಜ್ಯದ ಸೆನೆಟರ್ ಆರ್ಥರ್ ವಾಟ್ಕಿನ್ಸ್. ಅಂವನ್ನ ಕಾದಂಬರ್‍ಯಾಗ ಅಂವನ ಹೆಸರಲೇನ ಇಟ್ಟಾಳ.

1954ರಾಗ ಊರಿನ ಮಂದಿ ವಾಷಿಂಗ್ಟನ್‌ಗೆ ಹೋಗಿ ಸಮಿತಿ ಮುಂದ ಸಾಕ್ಷಿ ಹೇಳಿ ಬಂದ್ರು. ಟರ್ಟಲ್ ಮೌಂಟನ್ ಉಳೀತು. ಅದೇ ಪಟ್ಟ್ಯಾಗಿದ್ದ ಮೆನಾಮಿನಿ, ಕ್ಲಾಮತ್ ಮಂದಿ ಉಳೀಲಿಲ್ಲ. ಮುಂದ ಇದೇ ನೀತಿ ಹಿಡದು ನೂರಕ್ಕಿಂತ ಹೆಚ್ಚು ಬುಡಕಟ್ಟುಗಳ ಮಾನ್ಯತಾ ಕಿತ್ತಾರ. ಕೆಲವು ಆಮ್ಯಾಲೆ ಹೋರಾಡಿ ವಾಪಸ್ ಪಡದಾವ, ಮೆನಾಮಿನಿಗೆ 1973ರಾಗ ಸಿಕ್ತು.

1954 ಅಂದ್ರ ಎರ್ಡ್ರಿಕ್ ಹುಟ್ಟಿದ ವರ್ಷ. ಆ ವರ್ಷ ಅಜ್ಜ ಬರದ ಪತ್ರಗಳನ್ನ ಓದಿ ಓದಿ ಈ ಕಾದಂಬರಿ ಆಗೇತಿ. ಆಕಿ ಏನು ಮಾಡ್ಯಾಳ ಅನ್ನೋದನ್ನ ಬಿಡಿಸಿ ನೋಡ್ರಿ, ನಿಮಗ ಕೆಲಸಕ್ಕ ಬರ್ತೈತಿ. ಅಜ್ಜನ ಹೆಸರು ತಗದು ಥಾಮಸ್ ವಜಷ್ಕ್ ಅಂತ ಇಟ್ಟಾಳ, ಆದ್ರ ಮನಷ್ಯಾನ್ನ ಬದಲ ಮಾಡಿಲ್ಲ. ಅದೇ ರಾತ್ರಿ ಪಾಳಿ, ಸುತ್ತು ಹಾಕಿ ಬಂದು ನಿದ್ದಿ ತಡಕೊಂಡು ಪತ್ರ ಬರಿಯೋದು. ಬಾಜೂಕ ಪ್ಯಾಟ್ರಿಸ್ ಅನ್ನೋ ಹುಡಿಗಿನ್ನ ನಿಲ್ಲಿಸ್ಯಾಳ, ಅದು ಪೂರಾ ಕಲ್ಪನಾ. ಹಗಲು ಹರಳಿನ ಕಾರ್ಖಾನ್ಯಾಗ ದುಡದು ಮನಿ ಸಾಕ್ತಾಳ, ಪ್ಯಾಟಿಗೆ ಹೋಗಿ ಕಾಣದಂಗಾದ ಅಕ್ಕನ್ನ ಹುಡುಕ್ತಾಳ. ದಾಖಲಿ ಅಜ್ಜನ ಕಡೆ, ಕಲ್ಪನಾ ಈ ಹುಡಿಗಿ ಕಡೆ, ಹಿಂಗ ಭಾರ ಹಂಚ್ಯಾಳ. ನಡಕ ಪ್ರೇಮ ಐತಿ, ಭೂತ ಐತಿ, ವಾಷಿಂಗ್ಟನ್‌ಗೆ ಹೋಗಾಕ ರೊಕ್ಕ ಕೂಡಸ್ಲಿಕ್ಕೆ ಊರಾಗ ಬಾಕ್ಸಿಂಗ್ ಪಂದ್ಯ ಇಡೋದೂ ಐತಿ. ಠರಾವಿನ ಕಥಿ ಒಂದನ್ನ ಬರದಿದ್ರ ಅದು ವರದಿ ಆಗ್ತಿತ್ತು. ನಿಮ್ಮ ಅಜ್ಜನ ಪತ್ರದಾಗ ಎಮ್ಮಿ ಕರಾ ಹಾಕಿದ್ದು ಬರತೈತಿ ಅಂದ್ರಲ್ಲ, ಅದನ್ನ ಯಾವ ಕಾರಣಕ್ಕೂ ಬಿಡಬ್ಯಾಡ್ರಿ. ಗೋಲಿಬಾರ್ ಆದ ವಾರದಾಗೂ ಎಮ್ಮಿ ಈಯತೈತಿ, ಹಾಲು ಕರೀಬೇಕಾಗತೈತಿ. ಅದನ್ನ ಒಂದ ಹಾಳ್ಯಾಗ ಬರದ ನಿಮ್ಮಜ್ಜಗ ಕಾದಂಬರಿ ಹೆಂಗ ಉಸಿರಾಡತೈತಿ ಅನ್ನೋದು ಗೊತ್ತಿತ್ತು.

ಇನ್ನ ನಿಮ್ಮ ಎರಡನೇ ಪ್ರಶ್ನೆ, ನನಗ ಎಲ್ಲಾದಕ್ಕಿಂತ ದೊಡ್ಡದು ಅನಿಸಿದ್ದು. ಅದಕ್ಕ ಉತ್ತರ 2008ರ ‘ದ ಪ್ಲೇಗ್ ಆಫ್ ಡವ್ಸ್’ದಾಗ ಐತಿ. 1897ರಾಗ ನಾರ್ಥ್ ಡಕೋಟಾದಾಗ ಬಿಳಿ ಮಂದಿ ಗುಂಪು ಕಟ್ಕೊಂಡು ಬಂದು ಕೆಲವು ಇಂಡಿಯನ್ನರನ್ನ, ಅಂದ್ರ ಅಮೆರಿಕದ ಮೂಲನಿವಾಸಿಗಳನ್ನ, ಗಲ್ಲಿಗೆ ಹಾಕಿದ್ರು. ಖರೇನ ನಡದದ್ದು. ಎರ್ಡ್ರಿಕ್ ಆ ಘಟನಾದ ವರ್ಷ ಬದಲ ಮಾಡಿದ್ಲು, ಪ್ಲೂಟೊ ಅನ್ನೋ ಇಲ್ಲದ ಊರೊಂದನ್ನ ಕಟ್ಟಿದ್ಲು, ಸತ್ತವರೊಳಗ ಒಬ್ಬಾಂವನ ಹೆಸರಷ್ಟು ಹಂಗ ಉಳಿಸ್ಕೊಂಡ್ಲು. ಕಥಿ ನಿಂತದ್ದು ಗಲ್ಲಿನ ದಿನದ ಮ್ಯಾಲೆ ಅಲ್ಲ. ಹಗ್ಗ ಎಳದವರ ಮೊಮ್ಮಕ್ಕಳು, ಸತ್ತವರ ಮನಿತನದವರು ಒಂದ ಊರಾಗ ಬೆಳೀತಾರ, ಒಬ್ಬರನ್ನೊಬ್ಬರು ಪ್ರೀತಿ ಮಾಡ್ತಾರ, ಲಗ್ನ ಆಗ್ತಾರ. ಯಾರ ರಕ್ತ ಯಾರ ಮನ್ಯಾಗ ಕೂಡೇತಿ ಅನ್ನೋದು ನಿಧಾನಕ್ಕ ಬಿಚ್ಚಿಕೊಂತ ಹೋಗತೈತಿ. ನೀವೂ ಜುಲೈ 21ನ್ನ ಎದುರಾ ನಿಂತು ಬರೀಬೇಕು ಅಂತ ಏನೂ ಇಲ್ಲ. ಮುಂದಿನ ಸುಗ್ಗಿ, ಮುಂದಿನ ಲಗ್ನ, ಪೊಲೀಸ್ ಕೆಲಸಕ್ಕ ಸೇರಿದ ಹುಡುಗ ಅದ ಓಣಿಗೆ ಬರೋದು, ಇಂಥಾದ್ದು ಬರೀರಿ. ಊರಿನ ಹೆಸರು ಬದಲ ಮಾಡ್ರಿ. ಮನಿಯವರು ಓದಿದ್ರ ಅವರಿಗೆ ಅವಮಾನ ಆಗಬಾರ್ದು ಅನ್ನೋ ನಿಮ್ಮ ಕಳಕಳಿ ಸಾಲಿನ್ಯಾಗ ತಾನ ಕಾಣತೈತಿ.

ಹೊತ್ತಿನ ಪ್ರಶ್ನೆಗೆ ಸಣ್ಣದಾಗಿ ಹೇಳ್ತೀನಿ. ಎರ್ಡ್ರಿಕ್ ಏಳು ಮಕ್ಕಳೊಳಗ ಹಿರೇಕಿ. ಅಪ್ಪ ಜರ್ಮನ್ ಮೂಲದಾಂವ, ಅವ್ವ ಓಜಿಬ್ವೆ. ಇಬ್ಬರೂ ವಾಪೆಟನ್ ಅನ್ನೋ ಊರಾಗ ಇಂಡಿಯನ್ ಮಕ್ಕಳ ಬೋರ್ಡಿಂಗ್ ಶಾಲ್ಯಾಗ ಮಾಸ್ತರಿಕಿ ಮಾಡತಿದ್ರು. ಸಣ್ಣಾಕಿದ್ದಾಗ ಒಂದು ಕಥಿ ಬರದ್ರ ಅಪ್ಪ ಐದು ಸೆಂಟಿನ ಬಿಲ್ಲಿ ಕೊಡತಿದ್ದ, ಅವ್ವ ಬಣ್ಣದ ಕಾಗದ ಹೆಣದು ರಟ್ಟು ಮಾಡಿ ಕೊಡತಿದ್ಲು. 1972ರಾಗ ಡಾರ್ಟ್‌ಮತ್ ಕಾಲೇಜಿಗೆ ಸೇರಿದ್ಲು, ಹೆಣ್ಮಕ್ಕಳನ್ನ ಪದವಿಗೆ ತಗೊಂಡ ಮೊದಲನೇ ತಂಡ ಅದು. ಹೊಟ್ಟಿಪಾಡಿಗೆ ಸಕ್ಕರಿ ಬೀಟ್ ಹೊಲದಾಗ ಕಳೆ ಕಿತ್ತಾಳ, ಹೋಟೆಲ್ಲಿನ್ಯಾಗ ಊಟ ಬಡಿಸ್ಯಾಳ, ಜೈಲಿನ್ಯಾಗ ಕವಿತಾ ಕಲಿಸ್ಯಾಳ. 1982ರಾಗ ಒಂದು ಸಣ್ಣ ಕಥಿಗೆ ನೆಲ್ಸನ್ ಆಲ್ಗ್ರೆನ್ ಬಹುಮಾನ ಬಂತು, ಅದ ಬೆಳದು ‘ಲವ್ ಮೆಡಿಸಿನ್’ ಆತು. ಗಂಡ ಮೈಕಲ್ ಡಾರಿಸ್ ಕೂಡ ಲೇಖಕ, ಒಂದು ಕಾಲಕ್ಕ ಇಬ್ಬರೂ ಕೂಡಿ ಬರದಾರ. ಆಮ್ಯಾಲೆ ಬ್ಯಾರೆ ಆದ್ರು, 1997ರಾಗ ಅಂವ ತೀರಿಕೊಂಡ. ಆ ಮನಿಯ ದುಃಖದ ಮಾತು ಇಲ್ಲಿ ಬ್ಯಾಡ. ಕೂಸು ಸಾಕ್ಕೊಂತ ಬರಿಯೋದು ಹೆಂಗ ಅಂತ ಆಕಿನ ಬರದದ್ದು ‘ದ ಬ್ಲೂ ಜೇಸ್ ಡಾನ್ಸ್’, 1995ರದು. ನಿಮಗ ಅದು ಬೇಕಾಗತೈತಿ.

2001ರಾಗ ಮಿನಿಯಾಪೊಲಿಸ್‌ನಾಗ ಬರ್ಚ್‌ಬಾರ್ಕ್ ಅಂತ ಪುಸ್ತಕದ ಅಂಗಡಿ ತಗದಾಳ. ಚರ್ಚಿನ್ಯಾಗ ತಪ್ಪೊಪ್ಪಿಗಿ ಹೇಳೋ ಕಟ್ಟಿಗಿ ಗೂಡು ಇರತೈತಲ್ಲ, ಅಂಥಾದ್ದೊಂದು ಅಂಗಡಿ ಒಳಗ ಐತಿ. 2021ರ ‘ದ ಸೆಂಟೆನ್ಸ್’ ಅಂಥಾದ್ದ ಅಂಗಡಿ ಕಥಿ. ನಮ್ಮ ಧಾರವಾಡದ ಸುಭಾಸ ರಸ್ತಾದಾಗ 1933ರಿಂದ ಮನೋಹರ ಗ್ರಂಥಮಾಲಾ ಅಟ್ಟದ ಮ್ಯಾಲೆ ಬರಿಯೋರು ಕೂಡಿದ್ದನ್ನ ಕಂಡವರಿಗೆ, ಬರಿಯೋಕಿ ತಾನ ಅಂಗಡಿ ಇಟ್ಟಾಳ ಅಂದ್ರ ಅದರ ಕಿಮ್ಮತ್ತು ತಿಳೀತೈತಿ.

ಹಾವೇರಿ ಉಪನ್ಯಾಸಕ

ಮೇಲಿನ ಹಿರಿಯರ ಮಾತಿಗೆ ಗೌರವವಿದೆ, ಆದರೆ ಸಮಾಜ ವಿಜ್ಞಾನದ ಶಿಕ್ಷಕಿಗೆ ನಾನು ಮೊದಲು ಕೊಡುವುದು ‘ದ ರೌಂಡ್ ಹೌಸ್’. 2012ರಲ್ಲಿ ನ್ಯಾಷನಲ್ ಬುಕ್ ಅವಾರ್ಡ್ ಬಂದ ಕಾದಂಬರಿ. 1988ರಲ್ಲಿ ನಡೆಯುವ ಕಥೆ, ಹೇಳುವವನು ಜೋ, ಆಗ ಹದಿಮೂರರ ಹುಡುಗ. ತಾಯಿಯ ಮೇಲೆ ಅತ್ಯಾಚಾರವಾಗಿದೆ. ತಂದೆ ಬುಡಕಟ್ಟಿನ ನ್ಯಾಯಾಲಯದ ನ್ಯಾಯಾಧೀಶ, ಆದರೂ ಏನೂ ಮಾಡಲಾಗುವುದಿಲ್ಲ. ಅದು ನಡೆದ ಜಾಗ ಬುಡಕಟ್ಟಿನ ಜಮೀನೋ, ರಾಜ್ಯದ್ದೋ, ಖಾಸಗಿಯೋ ಎನ್ನುವುದು ಗೊತ್ತಾಗದೆ ಯಾವ ನ್ಯಾಯಾಲಯ ವಿಚಾರಣೆ ನಡೆಸಬೇಕು ಎನ್ನುವುದೇ ತೀರ್ಮಾನವಾಗದು. 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ಆಲಿಫಂಟ್ ತೀರ್ಪಿನ ಪ್ರಕಾರ ಬುಡಕಟ್ಟಿನವರಲ್ಲದವರ ಅಪರಾಧವನ್ನು ಬುಡಕಟ್ಟಿನ ನ್ಯಾಯಾಲಯ ವಿಚಾರಿಸುವಂತಿಲ್ಲ. 2013ರಲ್ಲಿ ಕಾನೂನು ಸ್ವಲ್ಪ ಸಡಿಲವಾಗಿ ಕೌಟುಂಬಿಕ ಹಿಂಸೆಯ ಪ್ರಕರಣಗಳಿಗೆ ದಾರಿಯಾಯಿತು. ಕಾನೂನಿನ ಇಷ್ಟೆಲ್ಲ ತೊಡಕನ್ನು ಒಬ್ಬ ಹುಡುಗ ಸೈಕಲ್ ತುಳಿಯುತ್ತ, ಗೆಳೆಯರ ಜೊತೆ ತಿರುಗುತ್ತ ಕಂಡುಕೊಳ್ಳುತ್ತಾನೆ. ಒಂದೇ ಧ್ವನಿ, ಎಲ್ಲೂ ಎಳೆ ತಪ್ಪುವುದಿಲ್ಲ. ‘ಲವ್ ಮೆಡಿಸಿನ್’ ಮಾತ್ರ ಮೊದಲು ಬೇಡ ಮೇಡಂ. ಹಲವು ಮಂದಿ ಹೇಳುವ ಕಥೆ, ಯಾರು ಯಾರ ಮಗಳು ಎಂದು ಹಾಳೆಯಲ್ಲಿ ವಂಶಾವಳಿ ಬರೆದುಕೊಳ್ಳದಿದ್ದರೆ ನನ್ನ ವಿದ್ಯಾರ್ಥಿಗಳು ಮೂರನೇ ಅಧ್ಯಾಯಕ್ಕೇ ಸೋಲುತ್ತಾರೆ. ಆ ಪುಸ್ತಕವನ್ನು ಲೇಖಕಿಯೇ 1993ರಲ್ಲಿ ಒಮ್ಮೆ, 2009ರಲ್ಲಿ ಇನ್ನೊಮ್ಮೆ ತಿದ್ದಿ ಹೊರತಂದಿದ್ದಾರೆ.

ರಾಣೆಬೆನ್ನೂರ ಬೀಜದ ಹೊಲ

ನಾನು ರೈತ, ಬೀಜೋತ್ಪಾದನಾ ಮಾಡ್ತೀನಿ. ಮಗಳು ಇಂಗ್ಲಿಷ್ ಎಂಎ ಓದಾಕತ್ಯಾಳ, ಆಕಿ ಓದಿ ಹೇಳಿದ ಮ್ಯಾಲೆ ನಾನೂ ಓದಿದೆ: ‘ದ ಮೈಟಿ ರೆಡ್’, 2024ರದು. ರೆಡ್ ರಿವರ್ ಕಣಿವಿಯ ಸಕ್ಕರಿ ಬೀಟ್ ಬೆಳಿಯೋರ ಕಥಿ, 2008ರ ಹೊತ್ತಿಂದು. ತಾಯಿ ರಾತ್ರಿ ಪಾಳ್ಯಾಗ ಲಾರಿ ಹೊಡದು ಬೀಟ್ ಸಾಗಸ್ತಾಳ, ಮಗಳನ್ನ ದೊಡ್ಡ ಹೊಲದ ಮನಿ ಹುಡುಗ ಲಗ್ನ ಆಗಬೇಕಂತಾನ. ಕಳೆನಾಶಕ ಹೊಡದು ಹೊಡದು, ಆ ಔಷಧಕ್ಕ ಸಾಯದಂಥ ಕಳೆ ಎದ್ದು ನಿಲ್ಲತಾವ. ಮಣ್ಣಿನ ಬಗ್ಗೆ ಆಕಿ ಬರದದ್ದನ್ನ ಓದಿದಾಗ ನಮ್ಮ ಎರಿ ಹೊಲ ಕಣ್ಣಮುಂದ ಬಂತು. ಆಕಿ ತಾನ ಕುರ್ಪಿ ಹಿಡದು ಬೀಟ್ ಹೊಲದಾಗ ದುಡದಾಕಿ ಅಂತ ಇಲ್ಲೇ ಓದಿದೆ. ಅದಕ್ಕ ಸಾಲದ ಮಾತು, ಬೆಳಿ ದರದ ಮಾತು ಅಷ್ಟು ಖರೆ ಬಂದಾವ. ಅಕ್ಕಾರ, ನೀವು ನರಗುಂದದ ಕಥಿ ಬರೀರಿ. ಹೊಲದ ಲೆಕ್ಕ ಮಾತ್ರ ತಪ್ಪಬಾರ್ದು: ಎಕರೆಗೆ ಎಷ್ಟು ಕರ, ಹತ್ತಿಗೆ ಎಷ್ಟು ದರ ಅನ್ನೋದು ಬರಬೇಕು. ಅದಿಲ್ಲಂದ್ರ ರೈತ ಯಾಕ ಬೀದಿಗಿಳಿದ ಅನ್ನೋದು ಈಗಿನ ಹುಡುಗರಿಗೆ ತಿಳಿಯೋದುಲ್ಲ.

ನರಗುಂದದ ಮೊಮ್ಮಗಳು, ಹುಬ್ಬಳ್ಳಿ

ಎಲ್ಲಾ ಹಿರಿಯರಿಗೂ ಧನ್ಯವಾದ. ‘ದ ನೈಟ್ ವಾಚ್‌ಮನ್’, ‘ದ ಪ್ಲೇಗ್ ಆಫ್ ಡವ್ಸ್’ ಎರಡೂ ತರಸಾಕ ಹೇಳೀನಿ. ಹಾವೇರಿ ಸರ್ ಹೇಳಿದ್ದು ರಜಾದಾಗ ಓದ್ತೀನಿ. ಅಜ್ಜನ ಪತ್ರದಾಗ ಕರದ ಲೆಕ್ಕ ಐತಿ, ಹತ್ತಿ ದರನೂ ಐತಿ. ಇನ್ನೊಂದು ಮಾತು ಕೇಳಬೇಕಾಗಿತ್ತು. ಕೆಲವು ಪತ್ರ ಮಡಿಕಿ ಇದ್ದಲ್ಲಿ ಹರ್‍ಯಾಕತ್ತಾವ, ಶಾಯಿ ಮಾಸೇತಿ. ಗ್ರಂಥಾಲಯದ ಸರ್, ಲ್ಯಾಮಿನೇಶನ್ ಮಾಡಿಸ್ಲ್ಯಾ?

ಸಾಧನಕೇರಿ ಓದುಗ, ಧಾರವಾಡ

ಲ್ಯಾಮಿನೇಶನ್ ಬ್ಯಾಡರಿ ಅಕ್ಕೋರ, ಸೆಲೋಟೇಪೂ ಬ್ಯಾಡ. ಒಮ್ಮೆ ಹಚ್ಚಿದ್ರ ತಗಿಯಾಕ ಬರೋದುಲ್ಲ, ಅಂಟು ಕಾಗದಾನ್ನ ಹಳದಿ ಮಾಡಿ ತಿಂತೈತಿ. ಟ್ರಂಕಿನಿಂದ ಮೊದಲು ಹೊರಗ ತಗೀರಿ, ಕಬ್ಬಿಣದ ಜಂಗು ಹತ್ತತೈತಿ. ಒಂದೊಂದ ಪತ್ರ ಸಾವಕಾಶ ಬಿಚ್ಚಿ, ಎರಡು ಸ್ವಚ್ಛ ಬಿಳಿ ಹಾಳಿ ನಡಕ ಇಟ್ಟು, ಮ್ಯಾಲೆ ಸಪಾಟಾದ ಪುಸ್ತಕ ಹೇರಿ ಕೆಲವು ದಿನ ಬಿಡ್ರಿ. ಆಮ್ಯಾಲೆ ಕಿಟಕಿ ಬೆಳಕಿನ್ಯಾಗ, ಬಿಸಿಲು ನೇರ ಬೀಳದಂಗ, ಫೋಟೊ ತಗೀರಿ. ವಿಳಾಸ ಇದ್ದ ಬದಿನೂ ಬಿಡಬ್ಯಾಡ್ರಿ, ಅಂಚೆ ಮುದ್ರಿ ಮ್ಯಾಲೆ ತಾರೀಖು ಇರತೈತಿ. ಅಜ್ಜಾರು ತಾರೀಖು ಬರೀದ ಇದ್ದ ಪತ್ರಕ್ಕ ಅದ ಆಧಾರ. ಆ ತಾರೀಖಿನ ಹೆಸರಿನಲೇ ಫೋಟೊ ಉಳಸ್ರಿ, ಸಾಲಾಗಿ ಓದಾಕ ಬರತೈತಿ.

ನಿಮ್ಮ ಅವ್ವಾರನ್ನ ಬಾಜೂಕ ಕೂಡಿಸ್ಕೊಂಡು, ಪತ್ರದಾಗ ಬರೋ ಒಂದೊಂದ ಹೆಸರಿಗೂ ಯಾರ ಮಗ, ಯಾವ ಓಣಿ, ಹೊಲ ಎಲ್ಲಿತ್ತು ಅಂತ ಕೇಳಿ ಬರಕೋರಿ. ಇದನ್ನ ಪುಸ್ತಕ ಬರೂಮಟ ಕಾಯಬ್ಯಾಡ್ರಿ, ಈ ಐತವಾರನ ಶುರು ಮಾಡ್ರಿ. ಯಾವ ಮುದ್ರಿ ಓದಾಕ ಬರದಿದ್ರೂ ಇಲ್ಲೆ ಹಾಕ್ರಿ, ಕೂಡಿ ನೋಡೋಣು.