ಮೊದಲ ಹಂತದ ಟ್ರಯಲ್‌ಗೆ ಕಳಿಸುವ ಮುಂಚೆ ಇಲ್ಲಿಂದಲೇ ಏನೇನು ತಯಾರಿ?

ಆಪ್ತಸಮಾಲೋಚಕಿ, ಬಾಗಲಕೋಟೆ:
ನಮಸ್ಕಾರರೀ. ಕೆರಾಸ್ ಎಂಬ ಜೀನ್‌ನಲ್ಲಿ ಜಿ12ಸಿ ಬದಲಾವಣೆ ಇರುವ, ದೇಹದಲ್ಲಿ ಹರಡಿದ ಕ್ಯಾನ್ಸರ್ ಗಡ್ಡೆಗಳಿಗೆ ಹೊಸ ಟಾರ್ಗೆಟೆಡ್ (ಆ ಬದಲಾವಣೆಗೇ ಗುರಿಯಿಟ್ಟ) ಮಾತ್ರೆಯ ಮೊದಲ ಹಂತದ ಟ್ರಯಲ್ ಬಗ್ಗೆ ರೋಗಿಗಳ ಮನೆಯವರು ಕೇಳುತ್ತಾರೆ. "ಡೋಸ್ ಏರಿಸ್ತಾ ಹೋಗ್ತಾರಂತ" ಎಂದು ಹೆದರಿದ್ದಾರೆ. ಅವರಿಗೆ ಹೇಗೆ ಹೇಳಲಿ? ಮುಂಬೈ, ಬೆಂಗಳೂರಿಗೆ ಹೋಗಿ ಬರಿಗೈಲಿ ವಾಪಸ್ ಬರೋದು ತಪ್ಪಬೇಕಾದರೆ ಏನು ಮಾಡಬೇಕು?

ಟ್ರಯಲ್ ಕೋಆರ್ಡಿನೇಟರ್, ಬೆಳಗಾವಿ:
ಡೋಸ್ ಏರೋದು ಸಾಮಾನ್ಯವಾಗಿ ಒಬ್ಬರಿಗೇ ಅಲ್ಲರೀ, ಗುಂಪಿನಿಂದ ಗುಂಪಿಗೆ. ಹಳೆಯ 3+3 ಪದ್ಧತಿ ಹೇಳಿದರೆ ಬೇಗ ತಿಳಿಯುತ್ತದೆ. ಮೂವರಿಗೆ ಒಂದು ಡೋಸ್ ಕೊಟ್ಟು ಚಿಕಿತ್ಸೆಯ ಮೊದಲ ಸುತ್ತು (ಸೈಕಲ್), ಅಂದರೆ 21 ಇಲ್ಲವೇ 28 ದಿನ ಕಾಯುತ್ತಾರೆ. ಗಂಭೀರ ಅಡ್ಡಪರಿಣಾಮ (ಉದಾಹರಣೆಗೆ ಪ್ಲೇಟ್‌ಲೆಟ್ 25,000ಕ್ಕಿಂತ ಕೆಳಗೆ ಇಳಿಯುವುದು) ಯಾರಿಗೂ ಬರದಿದ್ದರೆ ಮುಂದಿನ ಮೂವರಿಗೆ ಮೇಲಿನ ಡೋಸ್. ಒಬ್ಬರಿಗೆ ಬಂದರೆ ಅದೇ ಡೋಸಿನಲ್ಲಿ ಇನ್ನೂ ಮೂವರು. ಇಬ್ಬರಿಗೆ ಬಂತೆಂದರೆ ಏರಿಕೆ ಅಲ್ಲಿಗೇ ನಿಂತಿತು.

ಟಾರ್ಗೆಟೆಡ್ ಔಷಧಿಯಲ್ಲಿ ತಡೆದುಕೊಳ್ಳಬಹುದಾದ ದೊಡ್ಡ ಡೋಸೇ ಒಳ್ಳೆಯ ಡೋಸ್ ಆಗಬೇಕೆಂದಿಲ್ಲ. ಇದೇ ಕೆರಾಸ್ ಜಿ12ಸಿಗೆ ಕೊಡುವ ಸೋಟೊರಾಸಿಬ್ ಮಾತ್ರೆಗೆ 2021ರಲ್ಲಿ ದಿನಕ್ಕೆ 960 ಮಿಲಿಗ್ರಾಮಿನ ಡೋಸಿಗೆ ಅನುಮತಿ ಕೊಟ್ಟ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, 240 ಮಿಲಿಗ್ರಾಮಿನ ಜೊತೆ ಹೋಲಿಸಿ ತೋರಿಸಿ ಎಂದಿತು.

ಒಂದು ಮಾತು ಮನೆಯವರಿಗೆ ಮುಚ್ಚಿಡದೆ ಹೇಳಿ: ಈ ಹಂತದ ಮುಖ್ಯ ಉದ್ದೇಶ ಸುರಕ್ಷತೆ ಮತ್ತು ಡೋಸ್ ಗೊತ್ತುಮಾಡುವುದು. ಗಡ್ಡೆ ಕರಗಬಹುದು, ಕರಗದೇ ಇರಬಹುದು.

ಪೆಥಾಲಜಿ ಟೆಕ್ನಿಷಿಯನ್, ವಿಜಯಪುರ:
ಬರಿಗೈಲಿ ಬರುವುದಕ್ಕೆ ದೊಡ್ಡ ಕಾರಣ ಬಯಾಪ್ಸಿ ಬ್ಲಾಕ್, ಅಂದರೆ ಗಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟದ್ದು. ಬಣ್ಣ ಹಾಕಿದ ಸ್ಲೈಡ್ ಒಯ್ದರೆ ಸಾಲದು, ಜೀನ್ ಪರೀಕ್ಷೆಗೆ ಮೇಣದ ಬ್ಲಾಕೇ ಬೇಕು, ಅದೂ ಸಾಕಷ್ಟು ಕ್ಯಾನ್ಸರ್ ಕೋಶ ಉಳಿದಿರುವುದು. ಹೊಸದಾಗಿ ಬಯಾಪ್ಸಿ ತೆಗೆಯುವುದಾದರೆ ತುಣುಕು ಕೆಡದಂತೆ ಇಡಲು 10% ಬಫರ್ಡ್ ಫಾರ್ಮಲಿನ್, ತುಣುಕಿನ ಗಾತ್ರದ ಹತ್ತು ಪಟ್ಟು; ಅದರಲ್ಲಿ ಕನಿಷ್ಠ 6, ಹೆಚ್ಚೆಂದರೆ 72 ಗಂಟೆ ಇದ್ದು ಪ್ರೊಸೆಸಿಂಗ್‌ಗೆ ಹೋಗಬೇಕು. ಶನಿವಾರ ಸಂಜೆಯ ಸ್ಯಾಂಪಲ್ ಹಬ್ಬದ ರಜೆ ಮುಗಿಯುವ ತನಕ ಫಾರ್ಮಲಿನ್‌ನಲ್ಲೇ ಕೂತರೆ ಡಿಎನ್‌ಎ ತುಂಡುತುಂಡಾಗುತ್ತದೆ. ಎಲುಬಿನ ತುಣುಕನ್ನು ಆಸಿಡ್‌ನಲ್ಲಿ ಮೆತ್ತಗೆ ಮಾಡಿದರೂ ಅದೇ ಗತಿ, ಆಸಿಡ್ ಬದಲು ಇಡಿಟಿಎ ದ್ರಾವಣ ಬಳಸಲು ಮೊದಲೇ ಹೇಳಿ. ಇನ್ನೊಂದು, ನಮ್ಮ ಮೇ ಬಿಸಿಲಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬ್ಲಾಕ್ ಇಡಬೇಡಿ. ಮೇಣ ಮೆತ್ತಗಾಗಿ ಮೇಲ್ಮೈ ಹಾಳಾಗುತ್ತದೆ.

ಕ್ಲಿನಿಕಲ್ ಫಾರ್ಮಸಿಸ್ಟ್, ಬೆಳಗಾವಿ:
ಅಕ್ಕಾರ, ಮಾತ್ರೆಗಳ ಪಟ್ಟಿ ಮಾಡಿಸಿ. ಬಾಯಿಮಾತಲ್ಲಿ ಬೇಡ, ಪ್ರತಿ ಸ್ಟ್ರಿಪ್‌ನ ಹಿಂದೆ ಮುಂದೆ ಫೋಟೊ. "ಗ್ಯಾಸಿನ ಗುಳಿಗೆ" ಅಂತ ಲೆಕ್ಕಕ್ಕೇ ಹಿಡಿಯದ ಪ್ಯಾಂಟೊಪ್ರಜೋಲ್ ಹೊಟ್ಟೆಯ ಆಮ್ಲ ತಗ್ಗಿಸುತ್ತದೆ; ಸೋಟೊರಾಸಿಬ್‌ನಂಥ ಮಾತ್ರೆ ಆಗ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಗಜಕರ್ಣಕ್ಕೆ ಕೊಡುವ ಇಟ್ರಾಕೊನಜೋಲ್ ಲಿವರ್‌ನ ಸಿವೈಪಿ3ಎ4 ಕಿಣ್ವ ತಡೆದು ಎಷ್ಟೋ ಔಷಧಿಗಳ ಮಟ್ಟ ಏರಿಸುತ್ತದೆ, ಫಿಟ್ಸಿನ ಫೆನಿಟೋಯಿನ್, ಟಿಬಿಯ ರಿಫಾಂಪಿಸಿನ್ ಇಳಿಸುತ್ತವೆ. ನಾಟಿ ಔಷಧಿ, ಕಷಾಯ ಇದ್ದರೆ ಅದನ್ನೂ ಬರೆಯಿರಿ. ಆದರೆ ಯಾವುದನ್ನೂ ಮನೆಯವರೇ ನಿಲ್ಲಿಸಬಾರದು, ಫಿಟ್ಸಿನ ಗುಳಿಗೆಯನ್ನಂತೂ ಬೇಡವೇ ಬೇಡ.

ಆಪ್ತಸಮಾಲೋಚಕಿ, ಬಾಗಲಕೋಟೆ:
ಬಹಳ ಉಪಕಾರ ಆತ್ರೀ. ಖರ್ಚು, ಓಡಾಟ?

ಟ್ರಯಲ್ ಕೋಆರ್ಡಿನೇಟರ್, ಬೆಳಗಾವಿ:
ಹೊರಡುವ ಮುಂಚೆ ಸಿಟಿಆರ್‌ಐ (ಭಾರತದ ಟ್ರಯಲ್‌ಗಳ ನೋಂದಣಿ ಪಟ್ಟಿ) ಜಾಲತಾಣದಲ್ಲಿ ಆ ಟ್ರಯಲ್ ನೋಂದಣಿ ಆಗಿದೆಯೇ, ಈಗಲೂ ರೋಗಿಗಳನ್ನು ತೆಗೆದುಕೊಳ್ಳುತ್ತಿದೆಯೇ ನೋಡಿ. ಟ್ರಯಲ್‌ನಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಭಾರತದ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮದಲ್ಲೇ ಇದೆ. ಒಪ್ಪಿಗೆ ಪತ್ರ ಕನ್ನಡದಲ್ಲಿ ಕೇಳಿ. ಸಹಿ ಹಾಕಿದ ಮೇಲೂ ಯಾವಾಗ ಬೇಕಾದರೂ ಹೊರಬರಬಹುದು.

ಮೊದಲ ದಿನ ಬೆಳಿಗ್ಗೆ ಟ್ರಯಲ್‌ನ ಮಾತ್ರೆ ಮನೆಯಲ್ಲೇ ನುಂಗಿ ಹೋಗಬಾರದು. ಮೊದಲು ರಕ್ತ, ಆಮೇಲೆ ಮಾತ್ರೆ, ಆಮೇಲೆ ಅರ್ಧ, 1, 2, 4, 8 ಗಂಟೆ ಹೀಗೆ ಔಷಧಿಯ ಮಟ್ಟ ನೋಡಲು ಮತ್ತೆ ಮತ್ತೆ ರಕ್ತ ತೆಗೆಯುತ್ತಾರೆ. ಮರುದಿನ 24ನೇ ಗಂಟೆಯದೂ ಇರುತ್ತದೆ, ಹಾಗಾಗಿ ಅದೇ ರಾತ್ರಿಯ ಬಸ್ಸಿಗೆ ವಾಪಸ್ ಟಿಕೆಟ್ ತೆಗೆಸಬೇಡಿ.