ಅಪ್‌ಡೇಟ್: ಅಪ್ಪನೂ ನಾನೂ ಗುರುಗ್ರಹದ ಚುಕ್ಕಿಗಳೂ

ನಿವೃತ್ತಿಯ ನಂತರ ಮಾತು ಕಡಿಮೆ ಮಾಡಿದ ಅಪ್ಪನಿಗೆ ಮತ್ತೆ ಹತ್ತಿರವಾಗಲು ಯಾವ ಹವ್ಯಾಸ ನೆರವಾದೀತು ಎಂದು ಎರಡು ತಿಂಗಳ ಹಿಂದೆ ಕೇಳಿದ್ದೆ. ಮೊದಲು ಚದುರಂಗ ಆಡಿ ನೋಡಿದೆವು, ಇಬ್ಬರಿಗೂ ಹಿಡಿಸಲಿಲ್ಲ. "ಎದುರುಬದುರು ಕೂರುವುದಕ್ಕಿಂತ ಇಬ್ಬರೂ ಒಂದೇ ಕಡೆ ನೋಡುವಂಥದ್ದನ್ನು ಹುಡುಕಿ" ಎಂದು ಸಲಹೆಯಿತ್ತವರಿಗೆ ನಾನು ಋಣಿ, ಏಕೆಂದರೆ ನಮ್ಮ ಕೈಹಿಡಿದದ್ದು ಆಕಾಶವೀಕ್ಷಣೆ.

ನಮ್ಮಲ್ಲಿರುವುದು ಹತ್ತು ಪಟ್ಟು ಹಿಗ್ಗಿಸಿ ತೋರಿಸುವ, 50 ಮಿಲಿಮೀಟರ್ ಮಸೂರದ ಬೈನಾಕ್ಯುಲರ್ ಮಾತ್ರ. ಆದರೂ ಗೆಲಿಲಿಯೊ 1610ರಲ್ಲಿ ಕಂಡ ಗುರುಗ್ರಹದ ನಾಲ್ಕು ಉಪಗ್ರಹಗಳನ್ನು ನೋಡಲು ಅಷ್ಟು ಸಾಕು. ಕೈ ನಡುಗಿದರೆ ಚುಕ್ಕಿಗಳೆಲ್ಲ ಗೆರೆಗಳಾಗಿಬಿಡುತ್ತವೆಯಾದ್ದರಿಂದ ಅಪ್ಪ ಮೊಣಕೈಗಳನ್ನು ತಾರಸಿಯ ಗೋಡೆಗೆ ಊರಿ, ಉಸಿರು ಬಿಗಿಹಿಡಿದು ನೋಡುತ್ತಾ, "ಎಡಕ್ಕೆ ಒಂದು, ಬಲಕ್ಕೆ ಎರಡು, ಬರೆದುಕೋ" ಎನ್ನುತ್ತಾರೆ; ನಾನು ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಚುಕ್ಕಿಯಿಡುತ್ತೇನೆ. ನಾಲ್ಕನೆಯದು ಗ್ರಹದ ಹಿಂದೆಯೋ ಮುಂದೆಯೋ ಮರೆಯಾಗಿರುತ್ತದೆ. ಇವುಗಳಲ್ಲಿ ಒಳಗಿನದಾದ ಅಯೋ ಸುಮಾರು 42 ಗಂಟೆಗಳಲ್ಲಿ ಗುರುವನ್ನು ಸುತ್ತಿಬರುವುದರಿಂದ ನಿನ್ನೆಯ ಚಿತ್ರ ಇಂದಿಗೆ ಬದಲಾಗಿರುತ್ತದೆ, ಮತ್ತು ನಾಳೆ ಯಾವುದು ಎಲ್ಲಿರಬಹುದೆಂಬ ಊಹೆಯೇ ಈಗ ಊಟದ ಹೊತ್ತಿನ ನಮ್ಮ ಮಾತು.

ಕಳೆದ ವಾರ ಮೋಡ ಕವಿದು ಏನೂ ಕಾಣಲಿಲ್ಲ. ಆದರೂ ಅಪ್ಪ ತಾವಾಗಿಯೇ ನನ್ನನ್ನು ತಾರಸಿಗೆ ಕರೆದು, ಕೆಲಸಕ್ಕೆ ಸೇರಿದ ಹೊಸತರಲ್ಲಿ ರಾತ್ರಿಪಾಳಿ ಮುಗಿಸಿ ನಕ್ಷತ್ರಗಳನ್ನು ನೋಡುತ್ತಾ ಮನೆಗೆ ನಡೆದು ಬರುತ್ತಿದ್ದುದನ್ನು ಅರ್ಧ ಗಂಟೆ ಹೇಳಿದರು. ಇಷ್ಟು ವರ್ಷಗಳಲ್ಲಿ ಆ ಮಾತನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.