ಅಪ್‌ಡೇಟ್: ತಾತನ ನೆನಪಿಗೆ ಏನು ಮಾಡಿದ್ವಿ

ಪ್ರಾಣಿಗಳು ಅಂದ್ರೆ ಜೀವ ಬಿಡ್ತಿದ್ದ ನಮ್ಮ ತಾತನ ವರ್ಷದ ತಿಥಿಗೆ ಏನು ಮಾಡೋದು ಅಂತ ಕೇಳಿದ್ದೆನಲ್ಲ, ಮೈಸೂರು ಮೃಗಾಲಯದ ದತ್ತು ಯೋಜನೆ (ಪ್ರಾಣಿ ಅಲ್ಲೇ ಇರುತ್ತೆ, ಅದರ ಖರ್ಚಿಗೆ ನಾವು ಹಣ ಕೊಡೋದು) ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ಆನೆ, ಹುಲಿಯೇ ಆಗಬೇಕಿಲ್ಲ, ಸಣ್ಣ ಪಕ್ಷಿಗಳನ್ನೂ ದತ್ತು ತಗೋಬಹುದು. ತಾತನ ಹೆಸರಲ್ಲಿ ಗಿಳಿ ದತ್ತು ತಗೊಂಡ್ವಿ. ಕೊಟ್ಟ ಹಣಕ್ಕೆ ಆದಾಯ ತೆರಿಗೆ ವಿನಾಯಿತಿ ಇರೋದು ನಮಗೆ ಹೊಸ ವಿಷಯ (ಹಳೇ ತೆರಿಗೆ ಪದ್ಧತಿಯಲ್ಲಿ ಇರೋರಿಗೆ ಮಾತ್ರ).

ಅಲ್ಲೇ ಪ್ರಾಣಿಗಳಿಗೆ ಕೈಯಾರೆ ತಿನ್ನಿಸಿ ಅಂದಿದ್ರಿ, ಅದಾಗಲಿಲ್ಲ. ನೋಡೋಕೆ ಬಂದವರು ಆಹಾರ ಕೊಡೋ ಹಾಗಿಲ್ಲ.

ಮಂಡ್ಯ ಹತ್ತಿರದ ನಮ್ಮೂರಲ್ಲಿ ದನಗಳಿಗೆ ನೀರು ಕುಡಿಯೋಕೆ ಕಲ್ಲುಬಾನಿಯನ್ನೂ (ಕಲ್ಲಿನ ತೊಟ್ಟಿ) ಇಡಿಸಿದ್ವಿ. ತಾತ ಹಳ್ಳಿಕಾರ್ ಎತ್ತುಗಳಿಗೆ ನೀರು ತೋರಿಸುವಾಗ ಸಣ್ಣಗೆ ಸಿಳ್ಳೆ ಹಾಕ್ತಿದ್ರು. ಎತ್ತು ಕುಡಿದು ಮುಖ ಎತ್ತೋವರೆಗೂ ನಿಲ್ಲಿಸ್ತಿರಲಿಲ್ಲ. ಬಾನಿ ಇಡೋರು ವಾರಕ್ಕೊಮ್ಮೆ ನೀರು ಚೆಲ್ಲಿ ತಿಕ್ಕಿ ತೊಳೀರಿ, ಇಲ್ಲಾಂದ್ರೆ ಸೊಳ್ಳೆ ಮರಿ ಆಗುತ್ತೆ.